ದೀಪ ಹಚ್ಚುವ ಹೊತ್ತಿಗೆ ನಡುಗುವ ದನಿ

1957ರ ಮಳೆಗಾಲದಲ್ಲಿ ನಾನು ರೋಣ ತಾಲೂಕಿನ ಹೊಳೆಮಣ್ಣೂರಿನಲ್ಲಿ ವಾಯರ್‌ಲೆಸ್ ಆಪರೇಟರ್ ಆಗಿದ್ದೆ. ನೆರೆಯ ಮುನ್ಸೂಚನೆ ಕೊಡುವುದಕ್ಕಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ನಡೆಯುವ ಹಂಗಾಮಿ ಠಾಣೆ ಅದು. ಆಗ ನನಗೆ ಇಪ್ಪತ್ತಾರು ವರ್ಷ. ಈಗ ನಲವತ್ತಾರು ತುಂಬಿದೆ. ಈ ನಡುವೆ ತಲೆಗೂದಲು ಹೋಯಿತು, ಚಿಂತೆ ಮಾಡುವ ಚಟ ಮಾತ್ರ ಹೋಗಲಿಲ್ಲ. ನರಗುಂದದ ಮನೆಯಲ್ಲಿ ನಮ್ಮವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು: "ಎಲ್ಲಾ ಕೂಸು ಹುಟ್ಟಿದ ಕೂಡಲೇ ಅಳ್ತಾವು. ಇವ ಮದಲ ಕದಾ ಹಾಕ್ಯಾರಿಲ್ಲೋ ಅಂತ ನೋಡಿದ." ಇಂಥವನನ್ನು ಮಲಪ್ರಭೆಯ ದಂಡೆಗೆ ತಂದು ಕೂರಿಸಿ, ಹೊಳೆ ಯಾವಾಗ ಏರುತ್ತದೆ ಎಂದು ಕಾಯಲು ಹೇಳಿದ ಮೇಲಧಿಕಾರಿಗಳಿಗೆ ಮನುಷ್ಯರ ಗುಣ ಚೆನ್ನಾಗಿ ಗೊತ್ತಿದ್ದಿರಬೇಕು.

ಊರ ಚಾವಡಿಯ ಒಂದು ಕೋಣೆಯೇ ನನ್ನ ಠಾಣೆ. ಯುದ್ಧಕಾಲದ ಉಳಿಕೆ ಸೆಟ್ಟು, ಎರಡು ಬ್ಯಾಟರಿ, ಅವುಗಳನ್ನು ಚಾರ್ಜ್ ಮಾಡಲು ಕೆಮ್ಮುವ ಒಂದು ಪೆಟ್ರೋಲ್ ಎಂಜಿನ್, ಬೇವಿನ ಮರದಿಂದ ಬಿದಿರುಗಳಕ್ಕೆ ಎಳೆದ ತಂತಿಯ ಏರಿಯಲ್. ಹೊಳೆಯ ಮೇಲ್ಭಾಗದಲ್ಲಿ, ನಮ್ಮಿಂದ ಸುಮಾರು ನಲವತ್ತು ಮೈಲಿ ಆಚೆ, ಮುನವಳ್ಳಿಯ ಹತ್ತಿರ ಇಂಥದೇ ಇನ್ನೊಂದು ಠಾಣೆಯಿತ್ತು. ಅಲ್ಲಿದ್ದವನು ಈರಣ್ಣ, ಗಜೇಂದ್ರಗಡದ ನೇಕಾರರ ಮನೆಯ ಹುಡುಗ, ನನಗಿಂತ ಎರಡು ವರ್ಷ ಚಿಕ್ಕವನು. ಅಣ್ಣಂದಿರು ಸೀರೆ ನೇಯುತ್ತಿದ್ದರು; ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂರಲು ಒಲ್ಲೆನೆಂದು ಇವನು ವಾಯರ್‌ಲೆಸ್ ಸೇರಿದ್ದ. ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ನಾಲ್ಕಕ್ಕೆ, ಸಂಜೆ ಏಳೂವರೆಗೆ ಅವನು ಹೊಳೆಯ ಅಳತೆಗಂಬ ನೋಡಿ ನೀರಿನ ಮಟ್ಟ ಹೇಳುವುದು, ನಾನು ಕೇಳಿ ಗೌಡರಿಗೆ ತಿಳಿಸುವುದು. ಕೆಲಸ ಇಷ್ಟೇ.

ಮೂರರಲ್ಲಿ ಸಂಜೆಯ ಸುದ್ದಿಯೇ ಮುಖ್ಯ. ಘಟ್ಟದ ಕಡೆಯ ಮಳೆ ಮುನವಳ್ಳಿಗೆ ಬಂದು ಮುಟ್ಟುವುದು ಬಹಳ ಸಲ ಹೊತ್ತು ಇಳಿದ ಮೇಲೆ. ಅಲ್ಲಿ ಸಂಜೆ ಏರಿದ ನೀರು ನಮ್ಮಲ್ಲಿಗೆ ಬೆಳಗಿನ ಜಾವದೊಳಗೆ ಬರುತ್ತದೆ. ಹೊಳೆಗೆ ಅಂಟಿಕೊಂಡ ಕೆಳಗಿನ ಓಣಿ ಮೊದಲು ಮುಳುಗುವುದು. ಏಳೂವರೆಗೆ ಗೊತ್ತಾದರೆ ಜನ, ದನ, ಜೋಳ ಮೂರೂ ಮೇಲಿನ ದಿನ್ನೆಗೆ ಹೋಗಬಹುದು. ಬೆಳಗ್ಗೆ ಏಳಕ್ಕೆ ಗೊತ್ತಾದರೆ ನಾನು ಹೇಳಬೇಕಾದದ್ದೇ ಇರುವುದಿಲ್ಲ, ಎಲ್ಲರಿಗೂ ಕಾಣುತ್ತಿರುತ್ತದೆ.

ಹಾಗಾದರೆ ಅನುಮಾನ ಬಂದಾಗೆಲ್ಲ ಓಣಿ ಖಾಲಿ ಮಾಡಿಸಿದರಾಯಿತಲ್ಲ ಎನ್ನಬಹುದು. ಬಂದ ಹೊಸದರಲ್ಲಿ ನಾನೂ ಹಾಗೆಯೇ ಅಂದೆ. ಗೌಡರಾದ ಬಸನಗೌಡರು ನನ್ನನ್ನು ಒಂದು ಮನೆಯೊಳಗೆ ಕರೆದುಕೊಂಡು ಹೋಗಿ ಕಣಜ ತೋರಿಸಿದರು. ಬಿದಿರಿನಿಂದ ಹೆಣೆದು, ಸಗಣಿ ಸಾರಿಸಿ, ಬಾಯಿ ಮೆತ್ತಿದ ಆಳೆತ್ತರದ ಕಣಜ. ಒಳಗೆ ವರ್ಷದ ಜೋಳ.

"ಇದರ ಬಾಯಿ ಒಡದು, ಮಳ್ಯಾಗ ಹೊತ್ತು, ದಿನ್ನಿ ಮ್ಯಾಲ ಇಡಬೇಕು. ಜ್ವಾಳಾ ತೊಯ್ತಂದ್ರ ಮೊಳಿ ಬರ್ತದ," ಎಂದರು ಗೌಡರು. "ಹ್ವಾದ ವರ್ಷ ಯಾರೋ ಹೊಳಿ ಬಂತು ಅಂದ್ರು, ಓಣಿ ಎದ್ದು ಓಡ್ತು. ಹೊಳಿ ಬರಲಿಲ್ಲ, ಜ್ವಾಳಾ ಹ್ವಾತು. ಈಗ ಇವರು ಸುಮ್ಮ ಸುಮ್ಮನ ಏಳೂದಿಲ್ಲರಿ, ತಾರ ಸಾಹೇಬ್ರ. ನೀವು ಖರೇ ಹೇಳಬೇಕು."

ಆ ಊರಲ್ಲಿ ನನ್ನ ಹೆಸರು ತಾರ ಸಾಹೇಬ. ಖರೇ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಜುಲೈ, ಆಗಸ್ಟ್ ಸುಸೂತ್ರವಾಗಿ ಕಳೆದವು. ಸೆಪ್ಟೆಂಬರ್ ಮೊದಲ ವಾರದಲ್ಲಿ ಕಾಟ ಶುರುವಾಯಿತು. ಬೆಳಗ್ಗೆ, ಮಧ್ಯಾಹ್ನ ಈರಣ್ಣ ಪಕ್ಕದ ಕೋಣೆಯಲ್ಲಿ ಕೂತಂತೆ ಕೇಳುತ್ತಿದ್ದ. ಮನೆಗಳಲ್ಲಿ ದೀಪ ಹಚ್ಚುವ ಹೊತ್ತು ದಾಟಿತೋ, ಅದೇ ದನಿ ನಡುಗತೊಡಗುತ್ತಿತ್ತು. ಬಾಯಲ್ಲಿ ನೀರು ತುಂಬಿಕೊಂಡು ಮುಕ್ಕಳಿಸುತ್ತ ಮಾತಾಡಿದರೆ ಹೇಗಿರುತ್ತದೋ ಹಾಗೆ. ಜೋರು ಕಡಿಮೆಯಾಗುತ್ತಿರಲಿಲ್ಲ, ತಮಾಷೆಯೆಂದರೆ ಅದು. ಅಲೆಯ ಜೋರು ತೋರಿಸುವ ಸೆಟ್ಟಿನ ಮುಳ್ಳು ಎದ್ದು ಕುಣಿಯುತ್ತಿತ್ತು. ಮಾತು ಮಾತ್ರ ಪುಡಿಪುಡಿ. ಮಾತು ಬಿಟ್ಟು ಮೋರ್ಸ್‌ಗೆ, ಅಂದರೆ ಗಿಡ್ಡ ಮತ್ತು ಉದ್ದ ಸ್ವರಗಳ ಸಂಕೇತಕ್ಕೆ, ಇಳಿದೆವು. ಗಿಡ್ಡ ಸ್ವರಗಳನ್ನು ಯಾವುದೋ ಹಕ್ಕಿ ಕಾಳು ಹೆಕ್ಕಿದಂತೆ ಹೆಕ್ಕಿ ತಿನ್ನುತ್ತಿತ್ತು. ಉದ್ದ ಸ್ವರ ತುಂಡಾಗಿ ಮೂರು ಗಿಡ್ಡ ಸ್ವರವಾಗುತ್ತಿತ್ತು. ಯಾವ ತರಂಗಾಂತರದಲ್ಲಿ ಮಾತಾಡಬೇಕೆಂದು ಗೊತ್ತುಮಾಡುವ ಹರಳುಗಳು ನಮ್ಮ ಬಳಿ ಎರಡೇ ಇದ್ದವು. ಎರಡನೆಯದನ್ನು ಹಾಕಿದರೆ ಅದರ ತುಂಬ ಗುಡುಗಿನ ಗರಗರ.

ನಾನು ಮಾಡದ ಉಪಚಾರವಿಲ್ಲ. ವಾಲ್ವ್ ಬದಲಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಬೇವಿನ ಮರ ಹತ್ತಿ ಏರಿಯಲ್ ಒರೆಸಿದೆ, ಇಳಿಯಲು ಬಾರದೆ ಚಾವಡಿಯ ಆಳು ವಾಲಿಕಾರನನ್ನು ಕೂಗಿದೆ. ಕೊನೆಗೆ ನನ್ನ ಅನುಮಾನ ಬಿದ್ದದ್ದು ಗಿರಣಿಯ ಮೇಲೆ.

ಚಾವಡಿಯಿಂದ ನೂರು ಹೆಜ್ಜೆ ದೂರದಲ್ಲಿ ಊರಿನ ಹಿಟ್ಟಿನ ಗಿರಣಿ. ಹೊಲದಿಂದ ಬಂದ ಹೆಂಗಸರು ಸಂಜೆ ಬುಟ್ಟಿಯಲ್ಲಿ ಜೋಳ ಹೊತ್ತು ತಂದು ಬೀಸಿಸುತ್ತಿದ್ದರು. ಎಂಜಿನ್ನಿನ ಕಿಡಿಯಿಂದ ರೇಡಿಯೋಗೆ ತೊಂದರೆಯಾಗುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಗಿರಣಿ ಐದಕ್ಕೇ ಶುರುವಾಗುತ್ತದೆ, ತೊಂದರೆ ಏಳರ ಮೇಲೆ ಬರುತ್ತದೆ ಎಂಬ ಸಣ್ಣ ಅಡ್ಡಿಯಿತ್ತು. ಎಂಜಿನ್ ಕಾಯಲು ಅಷ್ಟು ಹೊತ್ತು ಬೇಕೇನೋ ಎಂದು ಸಮಾಧಾನ ಮಾಡಿಕೊಂಡೆ. ಚಿಂತೆಯ ಮನುಷ್ಯನಿಗೆ ಕಾರಣ ಸಿಗುವುದೇ ದೊಡ್ಡದು. ಅದು ಸರಿಯಾಗಿರಬೇಕೆಂದು ಅವನು ಹಟ ಹಿಡಿಯುವುದಿಲ್ಲ. ಗೌಡರಿಗೆ ಹೇಳಿ ಹೊತ್ತು ಮುಳುಗಿದ ಮೇಲೆ ಗಿರಣಿ ಬಂದ್ ಮಾಡಿಸಿದೆ.

ಮರುದಿನದಿಂದ ಕೆಳಗಿನ ಓಣಿಯಲ್ಲಿ ಬೀಸುಕಲ್ಲುಗಳು ಮತ್ತೆ ತಿರುಗಿದವು. ಮೂರನೆಯ ದಿನ ನೀಲವ್ವ ಚಾವಡಿಗೆ ಬಂದಳು. ಹೊಳೆಯ ಬದಿಯ ಕೊನೆಯ ಮನೆ ಅವಳದು. ಗಂಡ ತೀರಿಕೊಂಡ ಮೇಲೆ ಎರಡು ಎತ್ತು, ಒಂದು ಎಮ್ಮೆ, ಮಾವ, ಮೂರು ಮಕ್ಕಳು ಎಲ್ಲವನ್ನೂ ನಡೆಸುತ್ತಿದ್ದವಳು. ಜೋಳದ ಬುಟ್ಟಿಯನ್ನು ನನ್ನ ಸೆಟ್ಟಿನ ಪಕ್ಕಕ್ಕೇ ಇಟ್ಟಳು.

"ಏನ್ರಿ ತಾರ ಸಾಹೇಬ್ರ, ನಿಮ್ಮ ಪೆಟಗಿ ಮಾತಾಡಬೇಕಂದ್ರ ನಾವು ರೊಟ್ಟಿ ತಿನ್ನೂದು ಬಿಡಬೇಕೇನ್ರಿ?"

"ಹಂಗಲ್ಲ ನೀಲವ್ವ, ಎಂಜಿನ್ನಿನ ಕಿಡಿ..."

"ಕಿಡಿ ಬಂದ್ ಆಗಿ ಮೂರ ದಿನಾ ಆತು. ಪೆಟಗಿ ಬಾಯಿ ಬಿಡ್ತೇನು?"

"ಇಲ್ಲ."

"ನಾಳಿ ಎಮ್ಮಿ ಹಿಂಡಬ್ಯಾಡ್ರಿ, ಸಪ್ಪಳಾ ಆಗ್ತದ ಅಂತೀರಿ. ನಾಡದ ನಮ್ಮ ಮಾವ ಕೆಮ್ಮಬಾರದು. ತಗೋರಿ, ಈ ಬುಟ್ಟಿ ನೀವ ಬೀಸ್ರಿ. ಪೆಟಗೀನೂ ಸುಮ್ಮನ ಐತಿ, ನೀವೂ ಸುಮ್ಮನ ಅದೀರಿ."

ಚಾವಡಿ ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕರು. ಗಿರಣಿ ಅಂದೇ ಮತ್ತೆ ಶುರುವಾಯಿತು. ತಾರ ಸಾಹೇಬನಿಗೆ ತನ್ನ ಪೆಟ್ಟಿಗೆಯ ಜಡ್ಡೇ ತಿಳಿಯದು ಎಂಬುದು ಊರಿಗೆಲ್ಲ ಗೊತ್ತಾಯಿತು. ನಗು ನನಗೆ ಹೊಸದಲ್ಲ. ಆದರೆ ನಾಳೆ ಹೊಳೆ ನಿಜವಾಗಿ ಬಂದು ನಾನು "ಏಳಿ" ಎಂದರೆ ಯಾರು ಏಳುತ್ತಾರೆ? ಆ ಯೋಚನೆ ಬಂದ ಮೇಲೆ ನನಗೆ ಅನ್ನ ಸೇರದಾಯಿತು.

ನಾನು ಕಳಿಸಿದ ವರದಿ ನೋಡಿ ವಾಯರ್‌ಲೆಸ್ ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರು ರೋಣದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಎರೆಮಣ್ಣಿನಲ್ಲಿ ಹೂತುಕೊಳ್ಳುವ ಚಕ್ಕಡಿಯಲ್ಲಿ ಬಂದರು. ಅವರು ಮುಟ್ಟಿದ್ದು ಮಧ್ಯಾಹ್ನ. ಸೆಟ್ಟು ಗಂಟೆ ಬಾರಿಸಿದಂತೆ ಮಾತಾಡಿತು. "ಸೆಟ್ಟು ಚಲೋ ಅದನೋ. ನಿನ್ನ ಕಿವಿ ಯಾರಿಗಾದ್ರೂ ತೋರಸು," ಎಂದರು. ಸಂಜೆಯ ತನಕ ಇರಿ ಎಂದು ಬೇಡಿಕೊಂಡೆ. ರೋಣದ ಕೊನೆಯ ಬಸ್ಸು ತಪ್ಪುತ್ತದೆ ಎಂದು ಚಕ್ಕಡಿ ಹತ್ತಿದರು. ಹೋಗುತ್ತ, ನಾಲ್ಕರ ಸುದ್ದಿಯನ್ನೇ ದಿನದ ಕೊನೆಯ ಸುದ್ದಿ ಎಂದು ತಿಳಿದುಕೊ ಎಂದರು. ನಾಲ್ಕಕ್ಕೆ ಏರಿ ಬಿಡು ಎಂದು ಹೊಳೆಗೂ ಒಂದು ಆದೇಶ ಕಳಿಸಿ ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ನೌಕರಿ ನೆನಪಾಗಿ ನುಂಗಿದೆ.

ಮರುದಿನ ನಾಲ್ಕಕ್ಕೆ ಈರಣ್ಣನಿಗೆ ಇದನ್ನೆಲ್ಲ ಹೇಳಿಕೊಂಡೆ. ಅವನು ಹೇಳಿದ: "ಅಣ್ಣಾರ, ನನಗೂ ನಿಮ್ಮ ದನಿ ಹಂಗ ನಡಗ್ತದರಿ. ನನ್ನ ಸೆಟ್ಟ ಕೆಟ್ಟೈತಿ ಅಂತ ಬೈತೀರಿ ಅಂತ ಹೇಳಲಿಲ್ಲ."

ಹೆದರುವುದರಲ್ಲಿ ನನಗೊಬ್ಬ ಜೊತೆಗಾರ ಸಿಕ್ಕಿದ್ದ. ಅದಕ್ಕಿಂತ ಹೆಚ್ಚಾಗಿ, ಆ ಒಂದು ಮಾತಿನಿಂದ ಗಂಟು ಬಿಚ್ಚಿತು. ಎರಡು ಸೆಟ್ಟುಗಳಿಗೆ ದಿನಾ ಒಂದೇ ಹೊತ್ತಿಗೆ ಒಂದೇ ಜಡ್ಡು ಬರಲಾರದು. ಕೆಟ್ಟದ್ದು ಅವನಲ್ಲಿಯೂ ಇಲ್ಲ, ನನ್ನಲ್ಲಿಯೂ ಇಲ್ಲ, ನಡುವೆ ಇದೆ. ನಮ್ಮ ನಡುವೆ ಇದ್ದದ್ದು ಆಕಾಶ.

ಆ ಆಕಾಶದಲ್ಲಿ ನಡೆಯುತ್ತಿದ್ದುದೇನು ಎಂದು ನನಗೆ ತಿಳಿದದ್ದು ವರ್ಷಗಳ ನಂತರ, ಒಂದು ತರಬೇತಿ ಶಿಬಿರದಲ್ಲಿ. ನೆಲದಿಂದ ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ, ಬಿಸಿಲಿನ ಹೊಡೆತಕ್ಕೆ ಗಾಳಿಯ ಕಣಗಳು ಒಡೆದು ವಿದ್ಯುತ್ತಿನ ಕಣಗಳಾಗಿರುವ ಪದರವೊಂದಿದೆ; ಅದನ್ನು ಅಯಾನುಗೋಳ ಎನ್ನುತ್ತಾರೆ. ಶಾರ್ಟ್‌ವೇವ್ ಅಲೆಗಳಿಗೆ ಅದು ಕನ್ನಡಿಯಿದ್ದಂತೆ. ನಲವತ್ತು ಮೈಲಿಯ ನಮ್ಮ ಮಾತು ಕೂಡ ನೆಟ್ಟಗೆ ಮೇಲೆ ಹೋಗಿ, ಆ ಕನ್ನಡಿಗೆ ಬಡಿದು ಕೆಳಗೆ ಬರುತ್ತಿತ್ತು. ಉಷ್ಣವಲಯದಲ್ಲಿ, ಅದರಲ್ಲಿಯೂ ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರದ ನಮ್ಮಂಥ ಸೀಮೆಯಲ್ಲಿ, ಹೊತ್ತು ಮುಳುಗಿದ ಮೇಲೆ ಈ ಪದರ ಒಮ್ಮೆ ಮೇಲೇಳುತ್ತದೆ. ಅದರ ಕೆಳಗಿನ ಭಾಗ ಬೇಗ ತೆಳುವಾಗುತ್ತದೆ. ಅಡಿಯಲ್ಲಿ ತೆಳು, ಮೇಲೆ ದಟ್ಟ. ಅದು ನಿಲ್ಲುವ ಜೋಡಣೆಯಲ್ಲ. ಕುದಿಯುವ ಅಂಬಲಿಯಲ್ಲಿ ಏಳುವಂತೆ ತೆಳುವಾದ ಗುಳ್ಳೆಗಳು ಕೆಳಗಿನಿಂದ ಮೇಲಕ್ಕೆ ಏಳುತ್ತವೆ, ಕನ್ನಡಿ ಚೂರುಚೂರಾಗುತ್ತದೆ. ಒಂದೇ ಅಲೆ ನೂರು ಚೂರುಗಳಿಂದ ನೂರು ದಾರಿ ಹಿಡಿದು ಬಂದು, ಒಂದನ್ನೊಂದು ಕೂಡುತ್ತ ಕಳೆಯುತ್ತ ನಡುಗುತ್ತದೆ. ಹಗಲು ರಾತ್ರಿ ಸಮನಾಗುವ ತಿಂಗಳುಗಳಲ್ಲಿ ಈ ಕಾಟ ಹೆಚ್ಚು. ಸೂರ್ಯನ ಮೇಲೆ ಕಲೆಗಳು ಹೆಚ್ಚಾದ ವರ್ಷಗಳಲ್ಲಿ ಇನ್ನೂ ಹೆಚ್ಚು. 1957 ಅಂಥದೇ ವರ್ಷ. ಸೂರ್ಯನ ಮೇಲಿನ ಕಲೆಗೆ ನಾನು ಹೊಳೆಮಣ್ಣೂರಿನ ಗಿರಣಿ ಬಂದ್ ಮಾಡಿಸಿದ್ದೆ.

ಆಗ ಇದೊಂದೂ ನಮಗೆ ತಿಳಿಯದು. ಆಕಾಶ ನಮ್ಮ ಕೈಗೆ ನಿಲುಕುವುದಿಲ್ಲ ಎಂಬುದಷ್ಟು ತಿಳಿಯಿತು. ಆದರೂ ಸುದ್ದಿ ಬರಲೇಬೇಕು. ಅಂಕಿ ಬೇಕೇ, ಫೂಟು ಇಂಚು ಬೇಕೇ ಎಂದು ಕೇಳಿಕೊಂಡೆ. ಬೇಡ. ಕೆಳಗಿನ ಓಣಿ ಏಳಬೇಕೋ ಬೇಡವೋ, ಅಷ್ಟು ತಿಳಿದರೆ ಸಾಕು. ಈರಣ್ಣ ಮೋರ್ಸ್ ಬಡಿಯುವ ಕೀಯನ್ನು ಬರೀ ಒತ್ತಿ ಹಿಡಿದರೆ ನನ್ನ ಸೆಟ್ಟಿನಲ್ಲಿ ಉದ್ದನೆಯ ಒಂದು ಶಿಳ್ಳೆ ಕೇಳುತ್ತದೆ. ಒಂದು ಶಿಳ್ಳೆಯೆಂದರೆ ಹೊಳೆ ಸುಮ್ಮನಿದೆ. ಎರಡೆಂದರೆ ಏರುತ್ತಿದೆ, ಎಚ್ಚರ. ಮೂರೆಂದರೆ ಓಣಿ ಖಾಲಿ ಮಾಡಿ. ಇದು ನನ್ನ ಯೋಚನೆ. ಮೊದಲ ಸಂಜೆ ಐದು ಎಣಿಸುವಷ್ಟು ಉದ್ದದ ಶಿಳ್ಳೆ ಹಾಕಿಸಿದೆ. ನಡುಕದಲ್ಲಿ ಅದು ತುಂಡಾಗಿ ಎರಡೋ ನಾಲ್ಕೋ ತಿಳಿಯದಾಯಿತು.

"ನೂಲು ಸಣ್ಣಾದ್ರ ಹರೀತದರಿ ಅಣ್ಣಾರ," ಎಂದ ಈರಣ್ಣ ಮರುದಿನ. ಬಿಟ್ಟುಬಂದ ಮಗ್ಗ ಅವನ ಬಾಯಿಂದ ಹೋಗಿರಲಿಲ್ಲ. "ದಪ್ಪ ಮಾಡೂಣು."

ಹತ್ತಕ್ಕೆ ಏರಿಸಿದೆವು, ಇಪ್ಪತ್ತಕ್ಕೆ ಏರಿಸಿದೆವು. ಕೊನೆಗೆ ಮೂವತ್ತು ಎಣಿಸುವವರೆಗೆ ಸ್ವರ, ಅಷ್ಟೇ ಹೊತ್ತು ಮೌನ ಎಂದು ನಿಂತಿತು. ನಡುಕದ ಸೀಳುಗಳು ಕಣ್ಣು ಮಿಟುಕಿಸುವಷ್ಟು ಸಣ್ಣವು. ಮೂವತ್ತರ ಮೌನದ ಜೊತೆಗೆ ಅವನ್ನು ಹಾಕಿ ತಪ್ಪು ತಿಳಿಯುವಂತಿರಲಿಲ್ಲ. ಇಷ್ಟು ಹೊತ್ತು ಕೀ ಒತ್ತಿ ಹಿಡಿಯುವುದು ನಿಯಮಕ್ಕೆ ವಿರುದ್ಧ. ವಾಲ್ವ್ ಕಾದು ಸುಟ್ಟುಹೋದರೆ ಅದರ ಕಿಮ್ಮತ್ತು ನಮ್ಮ ಪಗಾರದಲ್ಲಿ ಹೋಗುತ್ತದೆ. ಈ ಎರಡೂ ಚಿಂತೆಗಳನ್ನು ಕ್ರಮವಾಗಿ ಮಾಡಿದೆ. ಮಾಡಿ ಮುಗಿಸಿ, ನಡೆಸು ಎಂದೆ.

ಇನ್ನು ಉಳಿದದ್ದು ಊರು. ನನ್ನ ಕಿವಿಗೆ ಮೂರು ಕೇಳಿಸಿತು ಎಂದರೆ, ಗಿರಣಿಯಲ್ಲಿ ಕಿಡಿ ಕಂಡವನ ಕಿವಿ ಅದು ಎನ್ನುತ್ತಾರೆ. ಅದಕ್ಕೇ ಕಿವಿಗೆ ಹಾಕುವ ಹೆಡ್‌ಫೋನ್ ಕಳಚಿ, ಸ್ಪೀಕರ್ ಜೋಡಿಸಿ ಚಾವಡಿಯ ಕಟ್ಟೆಗೆ ತಂದಿಟ್ಟೆ. "ದಿನಾ ಸಂಜಿಮುಂದ ಬರ್ರಿ. ಈರಣ್ಣ ಒಂದೋ ಎರಡೋ ಮೂರೋ ಹಾಕ್ತಾನ. ಎಷ್ಟಂತ ನೀವ ಹೇಳ್ರಿ. ಬೆಳಿಗ್ಗೆ ಅವನ ಬಾಯಿಂದನ ಕೇಳೂಣು," ಎಂದೆ. ಇದು ಪರೀಕ್ಷೆ, ಹೊಳೆಯ ಸುದ್ದಿಯಲ್ಲ ಎಂದು ತಿಳಿಯಲು ಈರಣ್ಣ ಮೊದಲು ಕೀಯನ್ನು ಬಿಟ್ಟು ಬಿಟ್ಟು ಬಹಳ ಹೊತ್ತು ಬಡಿಯುವುದೆಂದು ಗೊತ್ತುಮಾಡಿಕೊಂಡೆವು.

ಮೊದಲ ದಿನ ನಾಲ್ಕು ಜನ ಬಂದರು, ನನ್ನನ್ನು ನೋಡಿ ನಗಲಿಕ್ಕೆ. ವಾರದೊಳಗೆ ಕಟ್ಟೆ ತುಂಬಿತು. ಸೋತವರು ಹುರಿದ ಶೇಂಗಾ ತರಬೇಕೆಂಬ ಪಂತ ಯಾರು ಶುರು ಮಾಡಿದರೋ ಗೊತ್ತಿಲ್ಲ. ಗೌಡರೇ ಎರಡು ಸಲ ತಂದರು. ನೀಲವ್ವ ಹಿಟ್ಟಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಬೆರಳು ಮಡಿಚುತ್ತ ಕೇಳುತ್ತಿದ್ದಳು. ಅವಳು ಒಮ್ಮೆಯೂ ಸೋಲಲಿಲ್ಲ.

"ಹ್ಯಾಂಗ ಗೊತ್ತಾಗ್ತದ ನಿನಗ?" ಎಂದು ಗೌಡರು ಕೇಳಿದರೆ, "ನಮ್ಮ ಮಾವ ಹಿಂಗ ಗೊರಕಿ ಹೊಡೀತಾನ್ರಿ. ನಡನಡಕ ಹರೀತದ, ನಿಂತದ್ದು ಮಾತ್ರ ಬ್ಯಾರೆ," ಎಂದಳು.

ಸೆಪ್ಟೆಂಬರ್ ಕೊನೆಗೆ ಮೂರು ದಿನ ಬಿಡದೆ ಮಳೆ ಹಿಡಿಯಿತು. ಮೂರನೆಯ ದಿನ ನಾಲ್ಕಕ್ಕೆ ಈರಣ್ಣನ ದನಿ ಶುಭ್ರವಾಗಿತ್ತು: "ನೀರು ಏರಿಲ್ಲರಿ. ಘಟ್ಟದ ಕಡೆ ಮಾತ್ರ ಭಾಳ ಕಪ್ಪಾಗೇತಿ." ಇನ್ಸ್‌ಪೆಕ್ಟರ್ ಸಾಹೇಬರ ಲೆಕ್ಕದಲ್ಲಿ ಅಂದಿನ ಕೊನೆಯ ಸುದ್ದಿ ಅದು.

ಏಳೂವರೆಗೆ ಚಾವಡಿಯಲ್ಲಿ ಗೋಣಿತಾಟಿನ ಗೊಪ್ಪೆ ಹೊದ್ದ ಹತ್ತಿಪ್ಪತ್ತು ಜನ ಸೇರಿದ್ದರು. ಸೆಟ್ಟಿನಲ್ಲಿ ಮೊದಲು ಬಡಿತ ಬರಬೇಕು. ಬರಲಿಲ್ಲ. ನೇರವಾಗಿ ಸ್ವರವೇ ಎದ್ದಿತು. ಅಂದರೆ ಇದು ಪರೀಕ್ಷೆಯಲ್ಲ. ಮೊದಲ ಸ್ವರ ನಡುಗುತ್ತ ಮುಗಿಯಿತು. ಮೌನ. ಎರಡನೆಯದು ಎದ್ದಿತು, ನಡುವೆ ಮುಳುಗಿ ಮತ್ತೆ ಎದ್ದು ಮುಗಿಯಿತು. ಮೌನ. ಸ್ಪೀಕರಿನಲ್ಲಿ ಮಿಂಚಿನ ಚಟಪಟ. ಅದರಡಿಯಲ್ಲಿ ತೆಳ್ಳಗೆ, ಹರಿದ ಬಟ್ಟೆಯಂತೆ ಏನೋ ಒಂದು ಎದ್ದಿತು, ಬಿದ್ದಿತು, ಮತ್ತೆ ಎದ್ದಿತು.

ಅದು ಮೂರನೆಯ ಸ್ವರವೇ? ಎರಡನೆಯದರ ಬಾಲವೇ? ಗುಡುಗೇ? ಕೆಳಗಿನ ಓಣಿಯ ಕಣಜಗಳೆಲ್ಲ ನನ್ನ ಕಣ್ಣ ಮುಂದೆ ಬಾಯಿ ತೆರೆದು ತೊಯ್ದವು. ಅದರ ಹಿಂದೆಯೇ ಮಲಗಿದ ಮಕ್ಕಳು ಕಂಡರು. "ಇನ್ನೊಮ್ಮೆ ಹಾಕ್ತಾನ, ತಡೀರಿ, ಕೇಳೂಣು," ಎಂದೆ.

ನೀಲವ್ವ ಎದ್ದು ನಿಂತಿದ್ದಳು. "ಮೂರು," ಎಂದಳು. "ನೀವು ಇನ್ನೊಮ್ಮೆ ಕೇಳ್ಕೋಂತ ಕೂಡ್ರಿ. ನಂದು ಕಡೀ ಮನಿ." ಗೊಪ್ಪೆ ಎಳೆದುಕೊಂಡು ಮಳೆಗಿಳಿದಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ಉಳಿದವರು ಅಲುಗಾಡದೆ ಗೌಡರನ್ನು ನೋಡಿದರು. ಗೌಡರು ನನ್ನನ್ನು ನೋಡಿದರು.

"ಏನಂತೀರಿ, ತಾರ ಸಾಹೇಬ್ರ?"

ಹುಟ್ಟಿದಾಗಿನಿಂದ ನಾನು ಯಾವ ಪ್ರಶ್ನೆಗೂ ಒಂದೇ ಉತ್ತರ ಕೊಟ್ಟವನಲ್ಲ. ಅಂದು ಕೊಟ್ಟೆ. "ಮೂರು, ಗೌಡ್ರ. ಡಂಗುರ ಹೊಡಸ್ರಿ."

ಕಟ್ಟೆ ಖಾಲಿಯಾಯಿತು. ಈರಣ್ಣ ಎರಡನೆಯ ಸಲ ಹಾಕಿದಾಗ ಸೆಟ್ಟಿನ ಮುಂದೆ ನಾನೊಬ್ಬನೇ ಇದ್ದೆ. ಒಂದು, ಎರಡು, ಮೂರು. ಈ ಸಲ ಅನುಮಾನಕ್ಕೆ ಎಡೆಯಿರಲಿಲ್ಲ. ಕೇಳಿಸಿತು ಎಂದು ತಿಳಿಸಲು ನಾನೂ ಮೂರು ಉದ್ದ ಸ್ವರ ತಿರುಗಿ ಕಳಿಸಿದೆ. ಅವನು ನಿಲ್ಲಿಸಲಿಲ್ಲ. ನನ್ನದು ಅವನಿಗೆ ಮುಟ್ಟಿತೋ ಇಲ್ಲವೋ ತಿಳಿಯದೆ ಮತ್ತೆ ಕಳಿಸಿದೆ. ಹೊರಗೆ ಡಂಗುರ, ದನಗಳ ಕೂಗು, ಚೀಲ ಹೊತ್ತವರ ಏದುಸಿರು. ಒಳಗೆ ಅವನ ಮೂರು, ನನ್ನ ಮೂರು. ಆಮೇಲೆ ಅವನ ಸ್ವರ ಸಣ್ಣದಾಗುತ್ತ ಬಂದು ನಿಂತಿತು. ನಾನೂ ಸೆಟ್ಟು ಆರಿಸಿ ಚೀಲ ಹೊರಲು ಹೋದೆ.

ಬೆಳಕು ಹರಿಯುವಾಗ ಹೊಳೆ ಕೆಳಗಿನ ಓಣಿಯಲ್ಲಿ ನಿಂತಿತ್ತು. ಮಣ್ಣಿನ ಗೋಡೆಗಳು ಒಂದೊಂದಾಗಿ ಕುಸಿದು ನೀರಿಗೆ ಕೂಡುತ್ತಿದ್ದವು. ನೀಲವ್ವನ ಮನೆಯ ಹೊಳೆ ಬದಿಯ ಗೋಡೆ ನಾವು ನೋಡುತ್ತಿದ್ದಂತೆಯೇ ಹೋಯಿತು. ಜೋಳದಲ್ಲಿ ಕೆಲವು ಚೀಲ ತೊಯ್ದಿದ್ದವು, ಹೆಚ್ಚಿನದು ದಿನ್ನೆಯ ಗುಡಿಯೊಳಗಿತ್ತು. ಮಾವನನ್ನು ಅವಳು ಎಮ್ಮೆಗಿಂತ ಮೊದಲೇ ಸಾಗಿಸಿದ್ದಳು. "ಎಮ್ಮಿ ತಾನಾ ಬರ್ತದ್ರಿ, ಇವನ್ನ ಒಪ್ಪಸೂದ ತಡಾ," ಎಂದಳು. ಒಂದು ಜೀವವೂ ಹೋಗಲಿಲ್ಲ.

ಬೆಳಗಿನ ಏಳಕ್ಕೆ ಮುನವಳ್ಳಿ ಮಾತಾಡಲಿಲ್ಲ. ಹತ್ತರ ಹೊತ್ತಿಗೆ ಈರಣ್ಣ ಸಿಕ್ಕ. ಸಂಜೆ ಬ್ಯಾಟರಿ ಪೂರಾ ಸಾಯುವವರೆಗೂ ಕೀ ಒತ್ತಿದ್ದನಂತೆ, ಮತ್ತೆ ಚಾರ್ಜ್ ಮಾಡಲು ಇಷ್ಟು ಹೊತ್ತು ಹಿಡಿದಿತ್ತು. ನನ್ನ ಉತ್ತರ ಅವನಿಗೆ ಕೇಳಿಸಿರಲೇ ಇಲ್ಲ. ಅವನು ನೀರಿನ ಮಟ್ಟ ಹೇಳಲಿಲ್ಲ, ನಮ್ಮದನ್ನು ಕೇಳಲೂ ಇಲ್ಲ.

"ಅಣ್ಣಾರ, ಕೆಳಗಿನ ಓಣಿ?"

"ಖಾಲಿ ಮಾಡಿದ್ವಿ. ಎಲ್ಲಾರೂ ಅದಾರ."

ಈ ಸಲವೂ ಅವನಿಗೆ ಕೇಳಿಸಲಿಲ್ಲವೇನೋ ಎಂದು ಸೆಟ್ಟಿನ ಗುಂಡಿಗೆ ಕೈ ಹಾಕಿದೆ.

"ಹಂಗಾದ್ರ," ಎಂದ ಈರಣ್ಣ, "ನಾ ಉಣ್ತೀನ್ರಿ."

ಆಮೇಲೆ ಬೇರೆ ಬೇರೆ ಹೊಳೆಗಳ ದಂಡೆಗಳಲ್ಲಿ ದುಡಿದಿದ್ದೇನೆ. ಸೆಟ್ಟುಗಳು ಸುಧಾರಿಸಿವೆ, ಆಕಾಶ ಸುಧಾರಿಸಿಲ್ಲ. ಹೊಸದಾಗಿ ಬಂದ ಹುಡುಗರು ಯಾವ ಏರಿಯಲ್ ಒಳ್ಳೆಯದು ಎಂದು ಕೇಳುತ್ತಾರೆ. ಅದನ್ನೂ ಹೇಳುತ್ತೇನೆ. ಅದಕ್ಕಿಂತ ಮೊದಲು ಹೇಳುವುದು ಬೇರೆ: ಎಲ್ಲವೂ ಹರಿದುಹೋದಾಗ ದಾಟಲೇಬೇಕಾದ ಒಂದು ಮಾತು ಯಾವುದು ಎಂದು ದನಿ ಚೆನ್ನಾಗಿರುವಾಗಲೇ ಗೊತ್ತುಮಾಡಿಕೊಳ್ಳಿ. ಊರಲ್ಲಿ ಮೊದಲು ಮುಳುಗುವ ಮನೆ ಯಾರದು ಎಂದು ಕೇಳಿ, ಅವರನ್ನು ಕರೆದು ಸೆಟ್ಟಿನ ಮುಂದೆ ಕೂರಿಸಿ. ನಮ್ಮ ಕಿವಿ ಪಗಾರಕ್ಕೆ ಕೇಳುತ್ತದೆ. ಅವರದು ಹಾಗಲ್ಲ.